ತವರದ ಹನಿಗಾಗಿ ಕಾದ ಹಣ

ಸಂಜೆ ಹೊತ್ತು ಗೋಬಿ ಮಂಚೂರಿ ಗಾಡಿಯ ಮುಂದೆ ನಿಂತವರಿಗೆ ಆ ಬಿಳಿ ಹರಳಿನ ಪುಡಿಯ ಪರಿಚಯ ಇದ್ದೇ ಇರುತ್ತದೆ. ಬಾಣಲೆಯಲ್ಲಿ ಈರುಳ್ಳಿ, ದಪ್ಪ ಮೆಣಸಿನಕಾಯಿ ಚುರುಗುಟ್ಟುತ್ತಿರುವಾಗ ಅದರ ಮೇಲೊಂದು ಚಿಟಿಕೆ ಬೀಳುತ್ತದೆ. ಕೆಲವರು ಅದನ್ನು ಟೇಸ್ಟಿಂಗ್ ಪೌಡರ್ ಎನ್ನುತ್ತಾರೆ, ಹೆಚ್ಚಿನವರು ಅಜಿನೊಮೊಟೊ ಎನ್ನುತ್ತಾರೆ. ಅದು 1909ರಿಂದ ಆ ಪುಡಿಯನ್ನು ಮಾರುತ್ತಿರುವ ಜಪಾನಿನ ಕಂಪನಿಯ ಹೆಸರು. ಅದೇ ಕಂಪನಿ ಮಾಡುವ ಇನ್ನೊಂದು ಸರಕು ಜಗತ್ತಿನ ಬಹುತೇಕ ಲ್ಯಾಪ್‌ಟಾಪು, ಸರ್ವರುಗಳ ಒಳಗೆ ಕುಳಿತಿದೆ. ಅದನ್ನು ಕಂಡವರು ಕಡಿಮೆ.

ಕಂಪ್ಯೂಟರಿನ ಮೆದುಳೆನಿಸಿದ ಪ್ರೊಸೆಸರ್ ಚಿಪ್ಪನ್ನು ನೇರವಾಗಿ ಮದರ್‌ಬೋರ್ಡಿಗೆ ಕೂರಿಸಲಾಗದು. ಚಿಪ್ಪಿನ ಅಡಿಯಲ್ಲಿರುವ ಸಂಪರ್ಕ ಬಿಂದುಗಳು ತೀರಾ ಒತ್ತೊತ್ತಾಗಿವೆ, ಬೋರ್ಡಿನ ಮೇಲಿನವು ದೂರದೂರ. ಎರಡರ ನಡುವೆ ತೆಳುವಾದ ಹಲಗೆಯೊಂದು ಬೇಕು. ಅದರಲ್ಲಿ ತಾಮ್ರದ ಸಣ್ಣ ಸಣ್ಣ ಗೆರೆಗಳು ಪದರ ಪದರವಾಗಿ ಹರಡಿಕೊಂಡು ಒತ್ತಾದುದನ್ನು ಬಿಡಿಸಿ ಕೊಡುತ್ತವೆ. ಒಂದು ಪದರದ ತಾಮ್ರ ಇನ್ನೊಂದಕ್ಕೆ ತಾಗದಂತೆ ನಡುವೆ ವಿದ್ಯುತ್ ಹರಿಯಗೊಡದ ವಸ್ತುವಿರಬೇಕು. ಮೊದಲು ಅದನ್ನು ಶಾಯಿಯಂತೆ ಬಳಿದು ಒಣಗಿಸುತ್ತಿದ್ದರು. ಗುಳ್ಳೆ ಏಳುತ್ತಿತ್ತು, ದೂಳು ಕೂರುತ್ತಿತ್ತು. ರುಚಿಪುಡಿಯ ತಯಾರಿಕೆಯ ಜೊತೆಗೇ ಬೆಳೆದುಬಂದ ರಸಾಯನಶಾಸ್ತ್ರದ ಅನುಭವವನ್ನು ಬಳಸಿ ಅಜಿನೊಮೊಟೊ ಕಂಪನಿಯ ಸಂಶೋಧಕರು 1996ರಲ್ಲಿ ಇದೇ ಕೆಲಸಕ್ಕೆ ಒಂದು ರಾಳದ ಹಾಳೆಯನ್ನು ರೂಪಿಸಿದರು. ಸ್ಟಿಕ್ಕರಿನಂತೆ ಅಂಟಿಸಿದರೆ ಸಾಕು. 1999ರಿಂದ ಅದು ಪ್ರೊಸೆಸರುಗಳ ಅಡಿಗೆ ಸೇರಿತು. ಇಂದು ದೊಡ್ಡ ಪ್ರೊಸೆಸರುಗಳ ಲೋಕದಲ್ಲಿ ಈ ಹಾಳೆಗೆ ಸಾಟಿಯೇ ಇಲ್ಲ ಎನ್ನಬಹುದು.

ಚಿಪ್ ಉದ್ಯಮದಲ್ಲಿ ಹಣ ಹೂಡಬೇಕೆಂದು ಹೊರಟ ಎಷ್ಟು ಜನ ರುಚಿಪುಡಿ ಕಂಪನಿಯ ಲೆಕ್ಕಪತ್ರ ತೆರೆದು ನೋಡಿಯಾರು? ಇಂಟೆಲ್, ಎನ್‌ವಿಡಿಯಾ, ಟಿಎಸ್‌ಎಂಸಿ, ಸ್ಯಾಮ್‌ಸಂಗ್ ಎಂಬ ಹೆಸರುಗಳು ಎಲ್ಲರ ಬಾಯಲ್ಲಿವೆ. ಅವರಿಗೆ ಯಂತ್ರ, ಅನಿಲ, ರಾಳ, ಕನ್ನಡಿ, ಕವಾಟ ಒದಗಿಸುವವರ ಹೆಸರು ಪೇಟೆಯಲ್ಲಿ ಕೇಳುವುದು ಅಪರೂಪ. ಆದರೆ ಇಡೀ ಉದ್ಯಮದ ಇಕ್ಕಟ್ಟಿನ ಜಾಗಗಳು ಇರುವುದು ಅಲ್ಲೇ. ಅವು ಎಷ್ಟು ಇಕ್ಕಟ್ಟೆಂಬುದು ಬಹಳ ಸಲ ಅವಘಡವಾದಾಗಲೇ ಗೊತ್ತಾಗುತ್ತದೆ. 1993ರ ಜುಲೈನಲ್ಲಿ ಜಪಾನಿನ ನೀಹಾಮಾದಲ್ಲಿದ್ದ ಸುಮಿಟೊಮೊ ಕೆಮಿಕಲ್ ಕಾರ್ಖಾನೆಯಲ್ಲಿ ಸ್ಫೋಟವಾಯಿತು. ಚಿಪ್ಪುಗಳಿಗೆ ಕಪ್ಪು ಕವಚ ಹಾಕಲು ಬಳಸುವ ಒಂದು ಬಗೆಯ ಎಪಾಕ್ಸಿ ರಾಳದಲ್ಲಿ ಜಗತ್ತಿನ ಅರ್ಧಕ್ಕೂ ಹೆಚ್ಚು ಪಾಲು ಅಲ್ಲಿಂದಲೇ ಹೋಗುತ್ತಿತ್ತು. ಸುದ್ದಿ ಹರಡಿದ್ದೇ ತಡ, ಬಿಡಿ ಮಾರುಕಟ್ಟೆಯಲ್ಲಿ ಮೆಮೊರಿ ಚಿಪ್ಪುಗಳ ಬೆಲೆ ಗಗನಕ್ಕೇರಿತು. ಚಿಪ್ ಮಾಡುವ ಒಂದೇ ಒಂದು ಕಾರ್ಖಾನೆಗೂ ಏನೂ ಆಗಿರಲಿಲ್ಲ.

ಇಂಥ ಪೂರೈಕೆದಾರರ ಮೇಲೆ ಹಣ ಹಾಕುವವರು ಕೊಳ್ಳುವುದೇನನ್ನು? ಮೇಲ್ನೋಟಕ್ಕೆ ಕಾರ್ಖಾನೆ, ಪೇಟೆಂಟು, ಆರ್ಡರ್ ಪುಸ್ತಕ. ಅವೆಲ್ಲಕ್ಕಿಂತ ಹೆಚ್ಚಾಗಿ ಅವರು ಕೊಳ್ಳುವುದು ಕಾಲವನ್ನು: ಬೇರೆ ಯಾರೇ ಇವತ್ತು ಶುರು ಮಾಡಿದರೂ ಹಿಡಿಯಲಾಗದಷ್ಟು ವರ್ಷಗಳ ಪ್ರಯತ್ನವನ್ನು. ಆ ವರ್ಷಗಳನ್ನು ಯಾರಾದರೂ ಮೊದಲೇ ಸಾಕಿರಬೇಕಲ್ಲ. ಅವರು ಯಾರು, ಹೇಗೆ ಸಾಕಿದರು ಎಂಬುದನ್ನು ನೆದರ್‌ಲ್ಯಾಂಡ್ಸಿನ ಒಂದು ಕಂಪನಿಯ ಕಥೆಯಷ್ಟು ಚೆನ್ನಾಗಿ ಬೇರಾವುದೂ ಹೇಳುವುದಿಲ್ಲ.

ಎಎಸ್‌ಎಂಎಲ್ ಹುಟ್ಟಿದ್ದು 1984ರಲ್ಲಿ, ಐಂಡ್‌ಹೋವನ್ ಊರಿನಲ್ಲಿ, ಫಿಲಿಪ್ಸ್ ಕಂಪನಿಯ ಆವರಣದ ಶೆಡ್ಡುಗಳಲ್ಲಿ. ಫಿಲಿಪ್ಸ್ ಮತ್ತು ಎಎಸ್‌ಎಂ ಇಂಟರ್‌ನ್ಯಾಷನಲ್ ಎಂಬ ಯಂತ್ರ ತಯಾರಕರು ಕೂಡಿ ಕಟ್ಟಿದ ಜಂಟಿ ಸಂಸ್ಥೆ ಅದು. ಸಿಲಿಕಾನ್ ಬಿಲ್ಲೆಯ ಮೇಲೆ, ಅಂದರೆ ವೇಫರ್ ಮೇಲೆ, ಬೆಳಕಿನಿಂದ ಸರ್ಕಿಟ್ಟಿನ ಚಿತ್ರ ಮುದ್ರಿಸುವ ಯಂತ್ರ ಅವರ ಸರಕು. ಆ ಕ್ಷೇತ್ರದಲ್ಲಿ ಜಪಾನಿನ ನಿಕಾನ್, ಕ್ಯಾನನ್‌ಗಳದೇ ಆಳ್ವಿಕೆ ಬೆಳೆಯುತ್ತಿದ್ದ ಕಾಲ. ಹಣ ನೀರಿನಂತೆ ಹರಿದುಹೋಗುತ್ತಿತ್ತು, ಗಿರಾಕಿಗಳು ಬೆರಳೆಣಿಕೆಯಷ್ಟು. 1988ರಲ್ಲಿ ಎಎಸ್‌ಎಂ ಇಂಟರ್‌ನ್ಯಾಷನಲ್ ಇನ್ನು ಈ ಹೊರೆ ತಾಳಲಾರೆನೆಂದು ತನ್ನ ಪಾಲು ಬಿಟ್ಟು ಹೊರಬಂತು. ಮುಂದೆ ಆ ಪಾಲು ಎಷ್ಟು ಬೆಳೆಯಲಿತ್ತು ಎಂಬುದನ್ನು ಇವತ್ತು ಕುಳಿತು ಲೆಕ್ಕ ಹಾಕುವುದು ಸುಲಭ. ಅಂದು ಸಂಬಳ ಕೊಡಲು ದುಡ್ಡು ಹೊಂದಿಸಬೇಕಿದ್ದವರ ಜಾಗದಲ್ಲಿ ನಿಂತರೆ ಆ ತೀರ್ಮಾನವನ್ನು ಆಡಿಕೊಳ್ಳಲಾಗದು. 1995ರಲ್ಲಿ ಎಎಸ್‌ಎಂಎಲ್ ಷೇರುಪೇಟೆಗೆ ಬಂತು.

ಆ ಹೊತ್ತಿಗೆ ಇಡೀ ಉದ್ಯಮದ ತಲೆಯ ಮೇಲೆ ಒಂದು ಪ್ರಶ್ನೆ ತೂಗುತ್ತಿತ್ತು. ಬೆಳಕಿನ ತರಂಗಾಂತರ ದೊಡ್ಡದಾದಷ್ಟೂ ಅದು ಬಿಡಿಸುವ ಗೆರೆ ದಪ್ಪ, ಬಳಪದಲ್ಲಿ ಬರೆದಂತೆ. ಸೂಕ್ಷ್ಮ ಗೆರೆ ಬೇಕಾದರೆ ಕುಂಚ ಸಣ್ಣದಾಗಬೇಕು. ಉದ್ಯಮ 193 ನ್ಯಾನೊಮೀಟರಿನ ನೇರಳಾತೀತ ಬೆಳಕಿನವರೆಗೆ ಇಳಿದುಬಂದಿತ್ತು. ಆಮೇಲೇನು? ಕೆಲವರು 157 ನ್ಯಾನೊಮೀಟರಿಗೆ ಹಣ ಸುರಿದರು. ಅದಕ್ಕೆ ಕ್ಯಾಲ್ಸಿಯಂ ಫ್ಲೋರೈಡ್ ಹರಳಿನ ಲೆನ್ಸು ಬೇಕಿತ್ತು. ಅಷ್ಟರಲ್ಲಿ ಟಿಎಸ್‌ಎಂಸಿಯ ಬರ್ನ್ ಲಿನ್ ಎಂಬ ಎಂಜಿನಿಯರು 2002ರಲ್ಲಿ ಸರಳವಾದ ದಾರಿಯೊಂದನ್ನು ಮುಂದಿಟ್ಟರು: ಹಳೆಯ 193 ನ್ಯಾನೊಮೀಟರ್ ಬೆಳಕನ್ನೇ ಇಟ್ಟುಕೊಂಡು ಲೆನ್ಸಿಗೂ ವೇಫರಿಗೂ ನಡುವೆ ನೀರು ತುಂಬಿ. ನೀರಿನೊಳಗೆ ಬೆಳಕಿನ ತರಂಗಾಂತರ ಕುಗ್ಗುತ್ತದೆ, ಗೆರೆ ಸಣ್ಣದಾಗುತ್ತದೆ. ಎಎಸ್‌ಎಂಎಲ್ ಆ ದಾರಿ ಹಿಡಿಯಿತು. 157ರ ಮೇಲೆ ಹಾಕಿದ ಹಣ ಎಲ್ಲರಿಗೂ ಮುಳುಗಿತು. ಹೂಡಿಕೆಯ ಪುಸ್ತಕಗಳಲ್ಲಿ ಈ ಅಧ್ಯಾಯ ಕಾಣಿಸುವುದು ಕಡಿಮೆ, ಕಾಣಿಸಬೇಕು. ಕೆಲಸ ಮಾಡುವ ಭೌತಶಾಸ್ತ್ರ, ಬುದ್ಧಿವಂತ ಎಂಜಿನಿಯರುಗಳು, ದೊಡ್ಡ ಗಿರಾಕಿಗಳ ಬೆಂಬಲ ಎಲ್ಲವೂ ಇದ್ದ ತಂತ್ರಜ್ಞಾನವೊಂದು ಒಂದು ಹನಿ ನೀರಿನ ಮುಂದೆ ಸೋತ ಸಂಗತಿ ಅದು.

ನೀರಿನ ಉಪಾಯಕ್ಕೂ ಒಂದು ಮಿತಿ ಇತ್ತು. ಅದರಾಚೆ ಇದ್ದದ್ದು 13.5 ನ್ಯಾನೊಮೀಟರಿನ ಅತಿ ನೇರಳಾತೀತ ಕಿರಣ, ಉದ್ಯಮದವರ ಬಾಯಲ್ಲಿ ಇಯುವಿ. ಜಪಾನಿನ ಎನ್‌ಟಿಟಿ ಸಂಸ್ಥೆಯ ಹಿರೂ ಕಿನೊಶಿತಾ ಇಂಥ ಕಿರಣದಿಂದ ಚಿತ್ರ ಮೂಡಿಸಬಹುದೆಂದು 1986ರಲ್ಲಿ ತೋರಿಸಿದಾಗ ಸಭೆಯಲ್ಲಿದ್ದವರು ನಂಬಲು ತಯಾರಿರಲಿಲ್ಲ. 1997ರಲ್ಲಿ ಇಂಟೆಲ್ ಮುಂದಾಳತ್ವದಲ್ಲಿ ಕೆಲವು ಕಂಪನಿಗಳು ಹಣ ಕೂಡಿಸಿ ಅಮೆರಿಕದ ಲಿವರ್‌ಮೋರ್, ಸ್ಯಾಂಡಿಯಾ, ಬರ್ಕ್‌ಲಿ ರಾಷ್ಟ್ರೀಯ ಪ್ರಯೋಗಾಲಯಗಳಲ್ಲಿ ಕೆಲಸ ನಡೆಸಿದವು. 1999ರಲ್ಲಿ ಎಎಸ್‌ಎಂಎಲ್‌ಗೆ ಆ ಕೂಟದ ಬಾಗಿಲು ತೆರೆಯಿತು. ಇಷ್ಟಾಗಿಯೂ ಯಂತ್ರ ಮಾತ್ರ ಬರಲೇ ಇಲ್ಲ.

ಏಕೆ ಬರಲಿಲ್ಲ ಎಂದು ತಿಳಿಯಲು ಯಂತ್ರದೊಳಗೆ ಇಣುಕಬೇಕು. ಈ ಕಿರಣವನ್ನು ಗಾಳಿ ಹೀರಿಕೊಳ್ಳುತ್ತದೆ. ಹಾಗಾಗಿ ಎಲ್ಲವೂ ನಿರ್ವಾತದಲ್ಲಿ ನಡೆಯಬೇಕು. ಗಾಜೂ ಹೀರಿಕೊಳ್ಳುತ್ತದೆ, ಹಾಗಾಗಿ ಲೆನ್ಸಿನ ಬದಲು ಕನ್ನಡಿ. ಸಾದಾ ಕನ್ನಡಿಯೂ ನಡೆಯದು. ಮಾಲಿಬ್ಡಿನಮ್ ಮತ್ತು ಸಿಲಿಕಾನಿನ ಹತ್ತಾರು ಪದರಗಳನ್ನು ಒಂದರ ಮೇಲೊಂದು ಹಚ್ಚಿದ ಕನ್ನಡಿ ಕೂಡ ಬಿದ್ದ ಕಿರಣದಲ್ಲಿ ಸುಮಾರು ಶೇಕಡಾ 70ರಷ್ಟನ್ನು ಮಾತ್ರ ಮರಳಿಸುತ್ತದೆ. ಅಂಥ ಹತ್ತು ಕನ್ನಡಿ ದಾಟುವಷ್ಟರಲ್ಲಿ ನೂರರಲ್ಲಿ ಮೂರು ಪಾಲೂ ಉಳಿಯದು. ಆದ್ದರಿಂದ ಮೂಲದಲ್ಲೇ ಕಿರಣ ಧಾರಾಳವಾಗಿ ಹುಟ್ಟಬೇಕು.

ಹುಟ್ಟಿಸುವ ಬಗೆ ಹೀಗಿದೆ. ಕರಗಿದ ತವರವನ್ನು ಸೂಜಿಯಂಥ ಮೂತಿಯಿಂದ ಹನಿ ಹನಿಯಾಗಿ ನಿರ್ವಾತದೊಳಕ್ಕೆ ಚಿಮ್ಮಿಸುತ್ತಾರೆ. ಒಂದೊಂದು ಹನಿ ಸುಮಾರು 25ರಿಂದ 30 ಮೈಕ್ರಾನ್, ತಲೆಗೂದಲಿನ ದಪ್ಪಕ್ಕಿಂತ ಚಿಕ್ಕದು. ಸೆಕೆಂಡಿಗೆ 50,000 ಹನಿ. ಹಾರುತ್ತಿರುವ ಹನಿಗೆ ಲೇಸರಿನ ಮೊದಲ ಹೊಡೆತ ಮೆಲ್ಲನೆಯದು. ಅದು ಗುಂಡಗಿನ ಹನಿಯನ್ನು ದೋಸೆಯಂತೆ ಚಪ್ಪಟೆ ಮಾಡುತ್ತದೆ. ಹಿಂದೆಯೇ ಬರುವ ಎರಡನೆಯ ಹೊಡೆತ ಆ ದೋಸೆಯನ್ನು ಸೂರ್ಯನ ಮೇಲ್ಮೈಗಿಂತ ಎಷ್ಟೋ ಪಟ್ಟು ಬಿಸಿಯಾದ ಪ್ಲಾಸ್ಮಾ ಮಾಡುತ್ತದೆ. ಆ ಪ್ಲಾಸ್ಮಾ ಹೊಮ್ಮಿಸುವುದೇ ಬೇಕಾದ ಕಿರಣ. ಒಂದು ಹನಿಗೂ ಗುರಿ ತಪ್ಪಬಾರದು. ಸಿಡಿದ ತವರ ಎದುರಿನ ಬೆಲೆಬಾಳುವ ಕನ್ನಡಿಗೆ ಮೆತ್ತಿಕೊಂಡರೆ ಎಲ್ಲವೂ ಹಾಳು. ಅದಕ್ಕೆಂದು ಒಳಗೆ ಹೈಡ್ರೋಜನ್ ಹರಿಸುತ್ತಾರೆ, ಅದು ಮೆತ್ತಿದ ತವರದ ಜೊತೆ ಸೇರಿ ಅನಿಲವಾಗಿ ಅದನ್ನು ಹೊತ್ತೊಯ್ಯುತ್ತದೆ. ಲೇಸರ್ ಮಾಡುವುದು ಜರ್ಮನಿಯ ಟ್ರುಂಫ್. ಅದೊಂದರಲ್ಲೇ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಬಿಡಿಭಾಗಗಳಿವೆ. ಕನ್ನಡಿ ಮಾಡುವುದು ಜರ್ಮನಿಯದೇ ಝೈಸ್. ಆ ಕನ್ನಡಿಯನ್ನು ಇಡೀ ಜರ್ಮನಿಯಷ್ಟು ಹಿಗ್ಗಿಸಿದರೂ ಅದರ ಮೇಲಿನ ಅತಿ ದೊಡ್ಡ ಉಬ್ಬು ಮಿಲಿಮೀಟರಿನ ಹತ್ತನೇ ಒಂದಂಶ ದಾಟದು ಎಂಬುದು ಅವರ ಲೆಕ್ಕ.

ಕಾರ್ಖಾನೆಗೆ ಲಾಭ ತರಬೇಕಾದರೆ ಈ ಬೆಳಕಿನ ಮೂಲ ಸುಮಾರು 250 ವ್ಯಾಟ್ ಕೊಡಬೇಕಿತ್ತು. 2010ರ ಆಸುಪಾಸಿನ ಯಂತ್ರಗಳು ಅದರ ಹತ್ತಿರಕ್ಕೂ ಸುಳಿದಿರಲಿಲ್ಲ. ವರ್ಷ ವರ್ಷವೂ ಗಡುವು ಮುಂದಕ್ಕೆ ಹೋಗುತ್ತಿತ್ತು. ಇದು ಆಗುವ ಕೆಲಸವಲ್ಲ ಎನ್ನುವವರ ದನಿ ಗಟ್ಟಿಯಾಗುತ್ತಿತ್ತು.

ಆಗ 2012ರ ಬೇಸಿಗೆ. ಎಎಸ್‌ಎಂಎಲ್ ತನ್ನ ಗಿರಾಕಿಗಳ ಮುಂದೆಯೇ ಒಂದು ಪ್ರಸ್ತಾಪ ಇಟ್ಟಿತು. ನಿಮಗೆ ಈ ಯಂತ್ರ ಬೇಕೇ ಬೇಕು ಎಂದಾದರೆ ನೀವೇ ಬಂದು ಷೇರು ಹಿಡಿಯಿರಿ, ಸಂಶೋಧನೆಗೂ ಹಣ ಕೊಡಿ. ಕಬ್ಬು ಬೆಳೆಗಾರರು ತಮ್ಮ ಕಬ್ಬು ಅರೆಯುವ ಗಿರಣಿ ಏಳಲೆಂದು ಸಹಕಾರಿ ಸಕ್ಕರೆ ಕಾರ್ಖಾನೆಗೆ ಷೇರು ಹಣ ಕಟ್ಟುವುದನ್ನು ಕಂಡವರಿಗೆ ಈ ಏರ್ಪಾಟು ಹೊಸದೆನಿಸದು. ಇಂಟೆಲ್ ಶೇಕಡಾ 15, ಟಿಎಸ್‌ಎಂಸಿ ಶೇಕಡಾ 5, ಸ್ಯಾಮ್‌ಸಂಗ್ ಶೇಕಡಾ 3ರಷ್ಟು ಪಾಲು ಕೊಂಡವು. ಒಟ್ಟು ಸುಮಾರು 385 ಕೋಟಿ ಯೂರೊ. ಅದರ ಮೇಲೆ ಐದು ವರ್ಷಗಳ ಸಂಶೋಧನೆಗೆಂದು 138 ಕೋಟಿ ಯೂರೊ. ಮಾರುಕಟ್ಟೆಯಲ್ಲಿ ಒಬ್ಬರಿಗೊಬ್ಬರು ಬದ್ಧ ಸ್ಪರ್ಧಿಗಳಾದ ಮೂವರು ಒಂದೇ ಯಂತ್ರಕ್ಕಾಗಿ ಒಂದೇ ಪಂಕ್ತಿಯಲ್ಲಿ ಕುಳಿತರು. ಸಾಮಾನ್ಯ ಸಂದರ್ಭಗಳಲ್ಲಿ ಆ ಷೇರುಗಳಿಗೆ ಮತದಾನದ ಹಕ್ಕೂ ಇರಲಿಲ್ಲ. ಪ್ರತಿ ಷೇರಿಗೆ ಅವರು ಕೊಟ್ಟದ್ದು 39.91 ಯೂರೊ. ಅದೇ ವರ್ಷ ಎಎಸ್‌ಎಂಎಲ್ ಬೆಳಕಿನ ಮೂಲ ಮಾಡುತ್ತಿದ್ದ ಅಮೆರಿಕದ ಸೈಮರ್ ಕಂಪನಿಯನ್ನು 195 ಕೋಟಿ ಯೂರೊಗೆ ಕೊಳ್ಳಲು ಮುಂದಾಯಿತು.

ಈ ಹೂಡಿಕೆಯ ಒಂದು ವಿವರವನ್ನು ಮರೆಯಬಾರದು. ಇಂಟೆಲ್ ಸಂಶೋಧನೆಗೆಂದು ಕೊಡಲು ಒಪ್ಪಿದ ಹಣದಲ್ಲಿ ದೊಡ್ಡ ಪಾಲು, ಸುಮಾರು 55 ಕೋಟಿ ಯೂರೊ, ತವರದ ಹನಿಗಳಿಗೆ ಮೀಸಲಾಗಿರಲಿಲ್ಲ. ಅದು ಮುಖ್ಯವಾಗಿ 300 ಮಿಲಿಮೀಟರಿನ ವೇಫರ್ ಬದಲು 450 ಮಿಲಿಮೀಟರಿನದನ್ನು ಬಳಸುವ ಯಂತ್ರಗಳಿಗಾಗಿ. ದೊಡ್ಡ ಬಿಲ್ಲೆ, ಹೆಚ್ಚು ಚಿಪ್ಪು, ಕಡಿಮೆ ಖರ್ಚು ಎಂಬ ಆ ಲೆಕ್ಕ ಎಷ್ಟು ಸಹಜವಾಗಿ ಕಾಣುತ್ತದೆ! ಆದರೆ ಅದಕ್ಕೆ ಇಡೀ ಉದ್ಯಮದ ಪ್ರತಿಯೊಂದು ಯಂತ್ರವನ್ನೂ ಹೊಸದಾಗಿ ಕಟ್ಟಬೇಕಿತ್ತು, ಲಾಭ ಹೋಗುತ್ತಿದ್ದುದು ಚಿಪ್ ತಯಾರಕರಿಗೆ, ಖರ್ಚು ಬೀಳುತ್ತಿದ್ದುದು ಪೂರೈಕೆದಾರರ ಮೇಲೆ. 2013ರ ಕೊನೆಯಲ್ಲಿ ಎಎಸ್‌ಎಂಎಲ್ ಆ ಕೆಲಸ ನಿಲ್ಲಿಸಿತು. 450 ಮಿಲಿಮೀಟರಿನ ವೇಫರ್ ಇಂದಿಗೂ ಉತ್ಪಾದನೆಗೆ ಬಂದಿಲ್ಲ. ಜಗತ್ತಿನಲ್ಲಿ ಈ ವ್ಯವಹಾರವನ್ನು ಅತಿ ಚೆನ್ನಾಗಿ ಬಲ್ಲವರೇ ಒಂದೇ ದಿನ ಇಟ್ಟ ಎರಡು ಪಣಗಳಲ್ಲಿ ದೊಡ್ಡದು ಸೋತಿತು, ಚಿಕ್ಕದು ಗೆದ್ದಿತು.

ಗೆದ್ದದ್ದು ಕೂಡ ನಿಧಾನವಾಗಿಯೇ. 250 ವ್ಯಾಟ್ ಕೈಗೆ ಬಂದದ್ದು 2017ರಲ್ಲಿ. ಇಯುವಿಯಲ್ಲಿ ಮುದ್ರಿಸಿದ ಚಿಪ್ಪುಗಳು ದೊಡ್ಡ ಪ್ರಮಾಣದಲ್ಲಿ ಹೊರಬಂದದ್ದು 2019ರಲ್ಲಿ. ಅಷ್ಟರೊಳಗೆ ಹಣ ಹಾಕಿದವರ ತಾಳ್ಮೆ ಏನಾಗಿತ್ತು? ಟಿಎಸ್‌ಎಂಸಿ 2015ರಲ್ಲೇ ತನ್ನ ಪಾಲನ್ನೆಲ್ಲ ಮಾರಿ ಲಾಭ ಎಣಿಸಿಕೊಂಡಿತು. ಸ್ಯಾಮ್‌ಸಂಗ್ 2016ರಲ್ಲಿ ಅರ್ಧ ಮಾರಿತು. ಇಂಟೆಲ್ ಕಂತು ಕಂತಾಗಿ ಕರಗಿಸಿತು. ಅದೇ ಷೇರು 2024ರ ಜುಲೈನಲ್ಲಿ 1,000 ಯೂರೊ ದಾಟಿತು. ಇವರು ಎಡವಿದರು ಎನ್ನುವುದು ಅವಸರದ ಮಾತಾದೀತು. ಅವರಿಗೆ ಬೇಕಿದ್ದದ್ದು ಯಂತ್ರ, ಅದು ಸಿಕ್ಕಿತು. ಟಿಎಸ್‌ಎಂಸಿ ಆ ಯಂತ್ರದಿಂದಲೇ ಜಗತ್ತಿನ ಅತಿ ಮುಂದುವರಿದ ಚಿಪ್ಪುಗಳ ತಯಾರಿಕೆಯಲ್ಲಿ ಎಲ್ಲರನ್ನೂ ಹಿಂದಿಕ್ಕಿತು. ನಿಜಕ್ಕೂ ಕೊರಗಬೇಕಾದದ್ದು ಇಂಟೆಲ್: ಹೆಚ್ಚು ಹಣ ಹಾಕಿದ್ದು ಅದೇ, ಷೇರನ್ನೂ ಉಳಿಸಿಕೊಳ್ಳಲಿಲ್ಲ, ಇಯುವಿಯನ್ನು ಉತ್ಪಾದನೆಗೆ ತರುವುದರಲ್ಲೂ ಉಳಿದಿಬ್ಬರಿಗಿಂತ ವರ್ಷಗಟ್ಟಲೆ ಹಿಂದೆ ಬಿತ್ತು.

ಇಂಥ ಏರಿಕೆಯನ್ನು ಕಂಡು ಈ ಬಗೆಯ ಷೇರುಗಳು ಮೆಟ್ಟಿಲು ಹತ್ತಿದಂತೆ ಹತ್ತುತ್ತವೆ ಎಂದುಕೊಂಡವರು 2009ನ್ನು ನೋಡಬೇಕು. 2008ರಲ್ಲಿ ಎಎಸ್‌ಎಂಎಲ್ ಮಾರಾಟ ಸುಮಾರು 295 ಕೋಟಿ ಯೂರೊ. ಮರುವರ್ಷ 160 ಕೋಟಿ, ಜೊತೆಗೆ ನಷ್ಟ. ಅದರ ಮರುವರ್ಷ 450 ಕೋಟಿ. ಮೊಬೈಲ್ ಕೊಳ್ಳುವವರು ಸ್ವಲ್ಪ ಕೈ ಬಿಗಿಹಿಡಿದರೆ ಚಿಪ್ ತಯಾರಕರು ಹೊಸ ಕಾರ್ಖಾನೆಯ ಯೋಜನೆಯನ್ನೇ ಮುಂದೂಡುತ್ತಾರೆ. ಆ ಹೊಡೆತ ಯಂತ್ರ ಮಾರುವವರಿಗೆ ಹಲವು ಪಟ್ಟಾಗಿ ತಾಗುತ್ತದೆ. ಮಳೆ ಒಂದು ವಾರ ತಡವಾದರೆ ಅಕ್ಕಿ ತಿನ್ನುವವರಿಗೆ ಏನೂ ಅನಿಸದು, ಟ್ರ್ಯಾಕ್ಟರ್ ಮಾರುವವನ ಅಂಗಡಿ ಮಾತ್ರ ಬಿಕೋ ಎನ್ನುತ್ತದೆ. 2024ರ ಅಕ್ಟೋಬರ್ 15ರಂದು ಎಎಸ್‌ಎಂಎಲ್ ಫಲಿತಾಂಶ ತಾಂತ್ರಿಕ ದೋಷದಿಂದ ಒಂದು ದಿನ ಮೊದಲೇ ಹೊರಬಿತ್ತು. ಆ ತ್ರೈಮಾಸಿಕದ ಹೊಸ ಆರ್ಡರು 260 ಕೋಟಿ ಯೂರೊ, ವಿಶ್ಲೇಷಕರು ಎಣಿಸಿದ್ದರ ಅರ್ಧವೂ ಇಲ್ಲ. ಒಂದೇ ದಿನದಲ್ಲಿ ಷೇರು ಶೇಕಡಾ 16ರಷ್ಟು ಕುಸಿಯಿತು. ಕಂಪನಿಗೆ ಎದುರಾಳಿ ಹುಟ್ಟಿಕೊಂಡಿರಲಿಲ್ಲ, ಯಂತ್ರ ಕೆಟ್ಟಿರಲಿಲ್ಲ.

ಇನ್ನೊಂದು ತೊಡಕನ್ನು ಷೇರುಪೇಟೆಯ ಲೆಕ್ಕಾಚಾರ ತೋರಿಸುವುದೇ ಇಲ್ಲ. ಇಕ್ಕಟ್ಟಿನ ಜಾಗದಲ್ಲಿ ಕುಳಿತ ಎಲ್ಲರ ಷೇರೂ ಪೇಟೆಯಲ್ಲಿ ಸಿಗುವುದಿಲ್ಲ. ಟ್ರುಂಫ್ ಒಂದು ಕುಟುಂಬದ ಸ್ವತ್ತು. ಝೈಸ್ ಒಡೆತನ 1889ರಲ್ಲಿ ಭೌತವಿಜ್ಞಾನಿ ಅರ್ನ್‌ಸ್ಟ್ ಆಬೆ ಕಟ್ಟಿದ ಪ್ರತಿಷ್ಠಾನದ್ದು. ಚಿಪ್ ಕನ್ನಡಿಗಳ ವಿಭಾಗದಲ್ಲಿ ಶೇಕಡಾ 24.9 ಪಾಲು ಪಡೆಯಲು ಎಎಸ್‌ಎಂಎಲ್ 2016ರಲ್ಲಿ 100 ಕೋಟಿ ಯೂರೊ ಕೊಡಬೇಕಾಯಿತು. ಕಾಲು ಭಾಗಕ್ಕೂ ಒಂದು ಕೂದಲೆಳೆ ಕಡಿಮೆ. ವೇಫರಿಗೆ ಬಳಿಯುವ, ಬೆಳಕಿಗೆ ಪ್ರತಿಕ್ರಿಯಿಸುವ ಫೋಟೊರೆಸಿಸ್ಟ್ ದ್ರಾವಣದಲ್ಲಿ ಜಪಾನಿನ ನಾಲ್ಕೈದು ಕಂಪನಿಗಳದೇ ಮೇಲುಗೈ. ಅವುಗಳಲ್ಲಿ ಒಂದಾದ ಜೆಎಸ್‌ಆರ್ ಕಂಪನಿಯನ್ನು ಜಪಾನ್ ಸರ್ಕಾರದ ಬೆಂಬಲವಿರುವ ನಿಧಿಯೊಂದು ಸುಮಾರು 90,000 ಕೋಟಿ ಯೆನ್‌ಗೆ ಕೊಂಡಿತು. 2024ರಲ್ಲಿ ಅದರ ಹೆಸರು ಷೇರುಪೇಟೆಯಿಂದ ಅಳಿಯಿತು. ಸರ್ಕಾರ ಏಕೆ ಕೈ ಹಾಕಿತು ಎಂಬುದಕ್ಕೆ 2019ರತ್ತ ನೋಡಿದರಾಯಿತು. ಆ ಜುಲೈನಲ್ಲಿ ಜಪಾನ್ ದಕ್ಷಿಣ ಕೊರಿಯಾಕ್ಕೆ ಫೋಟೊರೆಸಿಸ್ಟ್, ಹೈಡ್ರೋಜನ್ ಫ್ಲೋರೈಡ್ ಮತ್ತು ಇನ್ನೊಂದು ರಾಸಾಯನಿಕದ ರಫ್ತಿಗೆ ಲಗಾಮು ಹಾಕಿದಾಗ ಸ್ಯಾಮ್‌ಸಂಗ್‌ನಂಥ ದೈತ್ಯ ಕಂಪನಿಯೇ ಕಂಗಾಲಾಗಿತ್ತು. ಅದೇ ವರ್ಷದಿಂದ ಎಎಸ್‌ಎಂಎಲ್‌ಗೆ ಚೀನಾಕ್ಕೆ ಇಯುವಿ ಕಳಿಸುವ ಪರವಾನಗಿಯೂ ಸಿಕ್ಕಿಲ್ಲ. ಈ ಕ್ಷೇತ್ರದ ಹೂಡಿಕೆದಾರ ಬ್ಯಾಲೆನ್ಸ್ ಶೀಟಿನ ಜೊತೆಗೆ ವಿದೇಶಾಂಗ ಸಚಿವಾಲಯಗಳ ಹೇಳಿಕೆಗಳನ್ನೂ ಓದಲೇಬೇಕು.

ಬೆಂಗಳೂರು ಈ ಕಥೆಗೆ ಹೊರಗಿನದಲ್ಲ. ವೇಫರನ್ನು ಕೊರೆಯುವ ಯಂತ್ರಗಳ ಲ್ಯಾಮ್ ರಿಸರ್ಚ್, ಅದರ ಮೇಲೆ ತೆಳು ಪದರ ಹಚ್ಚುವ ಯಂತ್ರಗಳ ಅಪ್ಲೈಡ್ ಮೆಟೀರಿಯಲ್ಸ್ ಎರಡೂ ಎರಡು ದಶಕಗಳಿಂದ ಇಲ್ಲಿ ಎಂಜಿನಿಯರಿಂಗ್ ಕೆಲಸ ನಡೆಸಿವೆ. 2023ರಲ್ಲಿ ಅಪ್ಲೈಡ್ ಮೆಟೀರಿಯಲ್ಸ್ ನಾಲ್ಕು ವರ್ಷಗಳಲ್ಲಿ 40 ಕೋಟಿ ಡಾಲರ್ ಹೂಡುವುದಾಗಿ ಹೇಳಿತು. 2025ರ ಫೆಬ್ರುವರಿಯಲ್ಲಿ ಲ್ಯಾಮ್ ಕರ್ನಾಟಕದಲ್ಲಿ 10,000 ಕೋಟಿ ರೂಪಾಯಿಗೂ ಮೀರಿದ ಯೋಜನೆ ಪ್ರಕಟಿಸಿತು. ಗುಜರಾತಿನ ಧೋಲೇರಾದಲ್ಲಿ ಏಳುತ್ತಿರುವ 91,000 ಕೋಟಿ ರೂಪಾಯಿಯ ಚಿಪ್ ಕಾರ್ಖಾನೆಯ ಬಗ್ಗೆ ದೇಶವಿಡೀ ಮಾತನಾಡುತ್ತದೆ, ಮಾತನಾಡಲಿ. ಆದರೆ ಬೆಂಗಳೂರಿನ ಹುಡುಗ ಹುಡುಗಿಯರು ನಿರ್ವಾತದ ಪಂಪು, ಅನಿಲದ ಕವಾಟ, ಪ್ಲಾಸ್ಮಾ ಕೋಣೆಗಳ ವಿನ್ಯಾಸದಲ್ಲಿ ಗಳಿಸಿದ ಇಪ್ಪತ್ತು ವರ್ಷಗಳ ಕೈಪಳಗಿಕೆಗೆ ಅಷ್ಟೇ ಗಮನ ಸಿಗಬೇಕು. ಪೀಣ್ಯದ ನಿಖರ ಯಂತ್ರಗೆಲಸದ ಶೆಡ್ಡುಗಳಿಗೂ ಆ ವಿನ್ಯಾಸಗಳಿಗೂ ನಡುವಿನ ದೂರ ಕೆಲವು ಕಿಲೊಮೀಟರು ಮಾತ್ರ. ಅದನ್ನು ದಾಟಿಸುವುದಕ್ಕೆ ಬೇಕಾದದ್ದು ಮೂರು ತಿಂಗಳಿಗೊಮ್ಮೆ ಲಾಭ ಕೇಳದ ಹಣ.

ಅತ್ತ ಎಎಸ್‌ಎಂಎಲ್ ನೆಲೆಯಾದ ವೆಲ್ಡ್‌ಹೋವನ್‌ನಲ್ಲಿ ಮುಂದಿನ ಪೀಳಿಗೆಯ ಯಂತ್ರ ಸಿದ್ಧವಾಗಿದೆ. ಅದೇ ತವರ, ಅದೇ ಲೇಸರ್, ಇನ್ನೂ ದೊಡ್ಡ ಕನ್ನಡಿಗಳು. ಬೆಲೆ ಸುಮಾರು 35 ಕೋಟಿ ಯೂರೊ. ಮೊದಲನೆಯದು 2023ರ ಡಿಸೆಂಬರಿನಲ್ಲಿ ಬಿಡಿಬಿಡಿಯಾಗಿ ಇಂಟೆಲ್‌ಗೆ ಹೊರಟು ಅಮೆರಿಕದ ಆರೆಗನ್ ರಾಜ್ಯದ ಹಿಲ್ಸ್‌ಬರೊದಲ್ಲಿ ಜೋಡಣೆಯಾಯಿತು. ಬೆಲೆ ಹೆಚ್ಚಾಯಿತು, ಮುಂದಿನ ಒಂದೆರಡು ಪೀಳಿಗೆಯ ಚಿಪ್ಪುಗಳಿಗೆ ಹಳೆಯ ಯಂತ್ರವೇ ಸಾಕು ಎಂಬುದು ಟಿಎಸ್‌ಎಂಸಿಯವರ ನಿಲುವು. ಎಎಸ್‌ಎಂಎಲ್ ಎಂಜಿನಿಯರುಗಳು ಆಗಲೇ ಅದರ ನಂತರದ ಯಂತ್ರದ ಮಾತು ತೆಗೆದಿದ್ದಾರೆ. ಅದರ ಕನ್ನಡಿ ಇನ್ನೂ ದೊಡ್ಡದು. ಅದಕ್ಕೆ ಹಣ ಹಾಕುವವರು ಯಾರೆಂಬುದು ತೀರ್ಮಾನವಾಗಿಲ್ಲ.